ಹೀಟೆಡ್ ವೈಪರ್: ಯಾರಿಗೆ ಬೇಕು, ಹೇಗೆ ಆರಿಸಬೇಕು

ಕಳೆದ ವರ್ಷ ಹೊಸ್ತಿಲ ಹುಣ್ಣಿಮೆಯ ಆಸುಪಾಸಿನಲ್ಲಿ ನನ್ನ ತಂಗಿಯ ಮಗ ರಜೆಯ ಮೇಲೆ ಬೆಳಗಾವಿಗೆ ಬಂದಿದ್ದ. ಸೈನ್ಯದಲ್ಲಿರುವ ಅವನಿಗೆ ಕಾಶ್ಮೀರಕ್ಕೆ ವರ್ಗವಾಗಿತ್ತು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಕೇಂದ್ರವಿರುವ ಈ ಊರಿಗೆ ಅಂಥ ಸುದ್ದಿ ಹೊಸದೇನಲ್ಲ. ನನಗೆ ಹೊಸದೆನಿಸಿದ್ದು, ಅವನು ಕಾರನ್ನೂ ತಾನೇ ಓಡಿಸಿಕೊಂಡು ಹೋಗಲು ಹೊರಟಿದ್ದು ಮತ್ತು ಅದಕ್ಕೆಂದು ಆನ್‌ಲೈನಿನಲ್ಲಿ ಒಂದು ಜೊತೆ ಹೀಟೆಡ್ ವೈಪರ್, ಅಂದರೆ ವಿದ್ಯುತ್ತಿನಿಂದ ಕಾಯುವ ವೈಪರ್, ತರಿಸಿಕೊಂಡಿದ್ದು. ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಡಬ್ಬಿಯನ್ನು ನನ್ನ ಮುಂದಿಟ್ಟು, “ಮಾಮಾ, ಇದನ್ನ ನೀವ ಕೂಡಿಸಿಕೊಡ್ರಿ” ಎಂದ.

ಡಬ್ಬಿ ಬಿಚ್ಚಿ ನೋಡಿದರೆ ಎಡಗಡೆಯ ಬ್ಲೇಡ್ ಉದ್ದ, ಬಲಗಡೆಯದು ಗಿಡ್ಡ. ಸ್ಟಿಯರಿಂಗ್ ಎಡಕ್ಕಿರುವ ದೇಶಗಳ ಕಾರಿಗೆಂದು ಮಾಡಿದ ಜೊತೆ ಅದು. ಅಲ್ಲಿ ಚಾಲಕನ ಕಡೆಯ ಉದ್ದನೆಯ ಬ್ಲೇಡ್ ಎಡಕ್ಕೇ ಬರುತ್ತದೆ. ಎಡದ್ದನ್ನು ಬಲಕ್ಕೆ ಹಾಕಿದರಾಯಿತು ಎಂದು ಅಂಗಳದಲ್ಲಿಯೇ ಪ್ರಯತ್ನಿಸಿದೆವು. ಆಗ ಬ್ಲೇಡಿನ ಬೆನ್ನ ಮೇಲಿರುವ, ಗಾಳಿಯನ್ನು ತಡೆದು ರಬ್ಬರನ್ನು ಗಾಜಿಗೆ ಒತ್ತುವ ಪಟ್ಟಿ ತಲೆಕೆಳಗಾಯಿತು. ಪಟ್ಟಿ ಸರಿಯಾಗಲೆಂದು ಬ್ಲೇಡನ್ನೇ ತಿರುಗಿಸಿ, ಅದನ್ನು ಹಿಡಿದಿರುವ ತೋಳಿನ ಕೊಕ್ಕೆಗೆ ಸಿಕ್ಕಿಸಿದೆವು. ಈಗ ಬ್ಲೇಡಿನಿಂದ ಹೊರಡುವ ವಿದ್ಯುತ್ ತಂತಿ ತೋಳಿನ ಬುಡದ ಕಡೆಗೆ ಬರುವುದನ್ನು ಬಿಟ್ಟು ತುದಿಯ ಕಡೆಗೆ ಮುಖ ಮಾಡಿ ನಿಂತಿತು. ಅದನ್ನು ಮಡಚಿ ಹಿಂದಕ್ಕೆ ತರಬೇಕೆಂದರೆ ತಂತಿ ರಬ್ಬರಿನ ಪಕ್ಕದಲ್ಲಿಯೇ ಹಾಯಬೇಕು. ವೈಪರ್ ಒಮ್ಮೆ ಆಚೀಚೆ ಹೋಗುವಷ್ಟರಲ್ಲಿ ಅದು ಗಾಜಿಗೆ ಉಜ್ಜುತ್ತಿತ್ತು. ಡಬ್ಬಿ ಬಂದ ದಾರಿಯಲ್ಲಿ ಹಿಂದಕ್ಕೆ ಹೋಯಿತು.

ಆ ಬಳಿಕ ಪರಿಚಯದವರು ಅನೇಕರು ಇದೇ ವೈಪರಿನ ವಿಷಯ ಕೇಳಿದರು. ಕೆಲವರಿಗೆ ಹಿಮಾಚಲದ ಪ್ರವಾಸ, ಕೆಲವರಿಗೆ ಕೆನಡಾದಲ್ಲಿರುವ ಮಗನಿಗೆ ಹೇಳಬೇಕಾದ ಸಲಹೆ, ಇನ್ನು ಕೆಲವರಿಗೆ ಚೋರ್ಲಾ ಘಾಟಿನ ಮಂಜು. ಈ ಮೂರಕ್ಕೂ ಒಂದೇ ಉತ್ತರವಿಲ್ಲವಾದ್ದರಿಂದ ಆರಿಸುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಗಾಜಿನ ಮೇಲಿನ ನೀರು ಹೆಪ್ಪುಗಟ್ಟುತ್ತದೆಯೇ?

ಹಣ ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಹೀಟೆಡ್ ವೈಪರ್ ಎಂದರೆ ರಬ್ಬರನ್ನು ಹಿಡಿದಿರುವ ಪಟ್ಟಿಯೊಳಗೆ ಸಣ್ಣ ಹೀಟರ್ ತಂತಿಯೋ ಪಟ್ಟಿಯೋ ಇರುವ ಬ್ಲೇಡ್. ಕಾರಿನ 12 ವೋಲ್ಟ್ ವಿದ್ಯುತ್ತಿನಿಂದ ಅದು ಕಾಯುತ್ತದೆ. ರಬ್ಬರ್ ಮೆತ್ತಗೆ ಉಳಿಯುತ್ತದೆ, ಬ್ಲೇಡಿನ ಮೇಲೆ ಮಂಜುಗಡ್ಡೆ ಕಟ್ಟಿಕೊಳ್ಳುವುದಿಲ್ಲ, ಬ್ಲೇಡ್ ಗಾಜಿಗೆ ಅಂಟಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ. ಇದರ ಕೆಲಸ ಇಷ್ಟೇ. ಇಡೀ ಗಾಜಿನ ಮೇಲೆ ಬೆರಳುದ್ದ ಕೂತ ಹಿಮವನ್ನು ಇದು ಕರಗಿಸುವುದಿಲ್ಲ, ಗಾಜಿನ ಒಳಗಡೆ ಕಟ್ಟುವ ಆವಿಯನ್ನಂತೂ ಮುಟ್ಟುವುದೇ ಇಲ್ಲ, ಏಕೆಂದರೆ ವೈಪರ್ ಇರುವುದು ಹೊರಗೆ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ವಿಜಯಪುರ, ಬಾಗಲಕೋಟೆಗಳು ಅದಕ್ಕಿಂತ ತಗ್ಗಿನಲ್ಲಿವೆ. ಎಳ್ಳಮಾವಾಸ್ಯೆಯ ಹೊತ್ತಿಗೆ ನಸುಕಿನಲ್ಲಿ ಕೈ ಸೆಟೆಯುವಷ್ಟು ಚಳಿ ಬಿದ್ದರೂ, ಉಷ್ಣಾಂಶ ಅಪರೂಪಕ್ಕೆ ಒಂದಂಕಿಗೆ ಇಳಿದರೂ, ಗಾಜಿನ ಮೇಲಿನ ಇಬ್ಬನಿ ನೀರಾಗಿಯೇ ಇರುತ್ತದೆ. ಆದ್ದರಿಂದ ಈ ಮೂರು ಜಿಲ್ಲೆಗಳ ಒಳಗೆ ಓಡುವ ಕಾರಿಗೆ ಹೀಟೆಡ್ ವೈಪರ್ ಹಾಕಿಸುವುದು ಬೇಸಿಗೆಯ ವಿಜಯಪುರದಲ್ಲಿ ಕಂಬಳಿ ಹೊದ್ದುಕೊಂಡಂತೆ. ಅಂಗಡಿಯವನು ಎಷ್ಟೇ ರಿಯಾಯಿತಿ ಕೊಟ್ಟರೂ ಅದು ದಂಡದ ಖರ್ಚು.

ಲೇಹ್ ಊರು ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಆದರೆ ನಮ್ಮ ಕಡೆಯ ಹುಡುಗರು ಅಲ್ಲಿಗೆ ಕಾರು ಒಯ್ಯುವುದು ಬಹುಪಾಲು ಬೇಸಿಗೆಯಲ್ಲಿ, ಕಣಿವೆಯ ದಾರಿಗಳು ತೆರೆದಿರುವಾಗ. ಅವರಿಗೂ ಇದು ಬೇಡ. ಒಳ್ಳೆಯ ಸಾಮಾನ್ಯ ಬ್ಲೇಡ್ ಮತ್ತು ಹೆಪ್ಪುಗಟ್ಟದ ವಾಷರ್ ದ್ರವ ಸಾಕು. ಕಾಶ್ಮೀರದಲ್ಲಿ ಚಿಲ್ಲೈ ಕಲಾನ್ ಎಂದು ಕರೆಯುವ, ಡಿಸೆಂಬರ್ 21ರಿಂದ ಜನವರಿ 29ರವರೆಗಿನ 40 ದಿನಗಳ ಕಡುಚಳಿಯಲ್ಲಿ ಕಾರನ್ನು ರಾತ್ರಿ ಬಯಲಿನಲ್ಲಿ ನಿಲ್ಲಿಸಿ ಬೆಳಗ್ಗೆ ಕೆಲಸಕ್ಕೆ ಹೊರಡಬೇಕಾದವರಿಗೆ, ಮನಾಲಿಯಿಂದ ಅಟಲ್ ಸುರಂಗ ದಾಟಿ ಲಾಹೌಲ್ ಕಡೆಗೆ ಚಳಿಗಾಲದಲ್ಲಿಯೂ ಓಡಾಡುವವರಿಗೆ, ಕೆನಡಾ ಅಥವಾ ಅಮೆರಿಕದ ಉತ್ತರ ಭಾಗದಲ್ಲಿರುವವರಿಗೆ ಇದರ ಉಪಯೋಗವಿದೆ. ಅಲ್ಲಿಯೂ ಕಾರನ್ನು ಮುಚ್ಚಿದ ಗ್ಯಾರೇಜಿನಲ್ಲಿ ನಿಲ್ಲಿಸುವವರು ಹಣ ಉಳಿಸಿಕೊಳ್ಳಬಹುದು. ಅಲ್ಲದೆ ಚಳಿನಾಡಿಗೆಂದೇ ತಯಾರಾದ ಕೆಲವು ಕಾರುಗಳಲ್ಲಿ ವೈಪರ್ ವಿಶ್ರಮಿಸುವ ಜಾಗದ ಗಾಜಿನಲ್ಲಿಯೇ ಹೀಟರ್ ಗೆರೆಗಳಿರುತ್ತವೆ. ಗಾಜಿನ ಕೆಳಅಂಚಿನಲ್ಲಿ ತೆಳ್ಳನೆಯ ಗೆರೆಗಳು ಕಾಣುತ್ತವೆಯೇ ಎಂದು ಬಗ್ಗಿ ನೋಡಿದರೆ ತಿಳಿಯುತ್ತದೆ. ಮರ್ಸಿಡಿಸ್ ಕಂಪನಿ 2012ರ ತನ್ನ ಎಸ್‌ಎಲ್ ಕಾರಿನಲ್ಲಿ ಬ್ಲೇಡಿನ ಉದ್ದಕ್ಕೂ ಇರುವ ಸಣ್ಣ ರಂಧ್ರಗಳಿಂದಲೇ ವಾಷರ್ ದ್ರವ ಚಿಮ್ಮುವ, ಬೇಕೆಂದರೆ ಬಿಸಿಯೂ ಆಗುವ ಬ್ಲೇಡ್ ತಂದಿತು. ಕಂಪನಿಯೇ ಕೊಟ್ಟ ಇಂಥ ವ್ಯವಸ್ಥೆ ಇದ್ದರೆ ಹೊರಗಿನದನ್ನು ಜೋಡಿಸುವ ಗೋಜಿಗೆ ಹೋಗಬಾರದು.

ಅಳತೆ ಮತ್ತು ಕೊಕ್ಕೆ

ವೈಪರಿನ ಅಳತೆ ಇಂಚಿನಲ್ಲಿ ಇರುತ್ತದೆ. ಟೇಪು ಹಿಡಿದು ರಬ್ಬರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಳೆಯಬೇಕೇ ಹೊರತು ಲೋಹದ ಚೌಕಟ್ಟನ್ನು ಅಳೆಯಬಾರದು. ಎರಡೂ ಕಡೆ ಬೇರೆ ಬೇರೆ ಅಳೆಯಬೇಕು, ಏಕೆಂದರೆ ಇಂದಿನ ಬಹುತೇಕ ಕಾರುಗಳಲ್ಲಿ ಚಾಲಕನ ಕಡೆಯದು ಉದ್ದವಾಗಿಯೂ ಪಕ್ಕದವರ ಕಡೆಯದು ಗಿಡ್ಡವಾಗಿಯೂ ಇರುತ್ತದೆ. “ಒಂದಿಂಚು ಹೆಚ್ಚಿದ್ದರೆ ಇನ್ನಷ್ಟು ಗಾಜು ಒರೆಸುತ್ತದೆ” ಎಂಬ ಮಾತಿಗೆ ಮರುಳಾಗಬಾರದು. ಉದ್ದ ಹೆಚ್ಚಾದರೆ ಎರಡು ಬ್ಲೇಡುಗಳು ನಡುವೆ ಒಂದಕ್ಕೊಂದು ತಾಗುತ್ತವೆ, ಇಲ್ಲವೇ ಗಾಜಿನ ಅಂಚಿನ ಕಂಬಕ್ಕೆ ಬಡಿಯುತ್ತವೆ. ಹೀಟೆಡ್ ಬ್ಲೇಡ್ ಸಾಮಾನ್ಯ ಬ್ಲೇಡಿಗಿಂತ ಭಾರವಾಗಿರುವುದರಿಂದ ಆ ಬಡಿತವೂ ಜೋರಾಗಿರುತ್ತದೆ, ಮೋಟಾರಿನ ಮೇಲೆ ಬೀಳುವ ಹೊರೆಯೂ ಹೆಚ್ಚು. ಎರಡು ಜೊತೆಗಳಲ್ಲಿ ಒಂದನ್ನು ಆರಿಸುವುದಿದ್ದರೆ ಕೈಯಲ್ಲಿ ಹಿಡಿದು ತೂಗಿ ನೋಡಿ, ಹಗುರವಾದದ್ದನ್ನು ತೆಗೆದುಕೊಳ್ಳುವುದು ನನ್ನ ರೂಢಿ.

ತೋಳಿನ ತುದಿಯ ಕೊಕ್ಕೆ ನಮ್ಮ ದೇಶದ ಹೆಚ್ಚಿನ ಕಾರುಗಳಲ್ಲಿ ಯು ಆಕಾರದ್ದು. ಒತ್ತುವ ಗುಂಡಿಯವು, ಪಕ್ಕದ ಪಿನ್ನಿನವು, ಹಿಡಿಕೆಯಂತೆ ಕಚ್ಚುವವು ಎಂದು ಬೇರೆ ನಮೂನೆಗಳೂ ಉಂಟು. ಹಳೆಯ ಬ್ಲೇಡನ್ನು ಬಿಚ್ಚಿ ಕೊಕ್ಕೆಯ ಫೋಟೋ ತೆಗೆದುಕೊಂಡು ಅದನ್ನೇ ಅಂಗಡಿಯಲ್ಲಿ ತೋರಿಸಿದರೆ ಮಾತು ಬೆಳೆಯುವುದಿಲ್ಲ. ಬಿಚ್ಚುವಾಗ ಒಂದು ಎಚ್ಚರ ಬೇಕು: ಬ್ಲೇಡಿಲ್ಲದ ಬರಿಯ ತೋಳು ಸ್ಪ್ರಿಂಗಿನ ಬಲಕ್ಕೆ ಒಮ್ಮೆಲೇ ಗಾಜಿನ ಮೇಲೆ ಬಿದ್ದರೆ ಗಾಜು ಸೀಳುತ್ತದೆ. ಒಂದು ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸಿಕೊಂಡೇ ಈ ಕೆಲಸಕ್ಕೆ ಕೈ ಹಾಕಬೇಕು. ನನ್ನ ವಿದ್ಯಾರ್ಥಿಗಳು ಎಷ್ಟು ಸಲ ಹೇಳಿದರೂ ಮರೆಯುತ್ತಿದ್ದದ್ದು ಇದನ್ನೇ.

ಎಡ-ಬಲದ ಮಾತನ್ನು ಆರಂಭದಲ್ಲಿಯೇ ಹೇಳಿದ್ದೇನೆ. ಭಾರತದ ಕಾರಿಗೆ ಕೊಳ್ಳುವಾಗ, ಬಲಗಡೆ ಸ್ಟಿಯರಿಂಗ್ ಇರುವ ವಾಹನಕ್ಕೆಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿದೆಯೇ, ಚಿತ್ರದಲ್ಲಿ ತಂತಿ ಬ್ಲೇಡಿನ ಯಾವ ಪಕ್ಕದಿಂದ ಹೊರಡುತ್ತದೆ ಎಂಬ ಎರಡನ್ನೂ ನೋಡಬೇಕು. ಕೆನಡಾದಲ್ಲಿರುವವರಿಗೆ ಈ ತಲೆನೋವಿಲ್ಲ. ಇಲ್ಲಿಂದ ಕೊಂಡು ಕಳಿಸುವ ಉತ್ಸಾಹವೂ ಬೇಡ. ಅಲ್ಲಿಯೇ ಅಲ್ಲಿನ ಕಾರಿಗೆ ಹೊಂದುವುದು ಸಿಗುತ್ತದೆ.

ಎಷ್ಟು ವಿದ್ಯುತ್, ಎಲ್ಲಿಂದ

ಡಬ್ಬಿಯ ಮೇಲಿನ ಬಣ್ಣದ ಚಿತ್ರಕ್ಕಿಂತ ಹಿಂಭಾಗದ ಸಣ್ಣ ಅಕ್ಷರಗಳು ಮುಖ್ಯ. ಅಲ್ಲಿ ವ್ಯಾಟ್ ಬರೆದಿರುತ್ತದೆ. ಅದನ್ನು 12ರಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಗೊತ್ತಾಗುತ್ತದೆ. ಜೊತೆಗೆ 60 ವ್ಯಾಟ್ ಎಂದಿದ್ದರೆ 5 ಆಂಪಿಯರ್. ಎಂಜಿನ್ ಓಡುತ್ತಿರುವಾಗ, ಕಾರಿಗೆ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಎಂಜಿನ್ ಆರಿಸಿದ ಮೇಲೂ ವೈಪರ್ ಕಾಯುತ್ತಲೇ ಇದ್ದರೆ 7 ತಾಸಿನಲ್ಲಿ 35 ಆಂಪಿಯರ್-ಅವರ್ ಖರ್ಚಾಗುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ ಅಷ್ಟಿರುತ್ತದೆ. ಇದರ ಮೇಲೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ. ಬೆಳಗ್ಗೆ ವೈಪರ್ ಬೆಚ್ಚಗಿದ್ದು ಕಾರು ಏಳದಿದ್ದರೆ ಏನು ಪ್ರಯೋಜನ?

ಆದುದರಿಂದ ಎರಡು ಗುಣಗಳು ಇರಲೇಬೇಕು. ಮೊದಲನೆಯದು, ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಹರಿಯುವಂತೆ ಜೋಡಿಸಲು ಅವಕಾಶವಿರಬೇಕು. ಎರಡನೆಯದು, ಬಿಸಿ ಒಂದು ಮಿತಿ ಮುಟ್ಟಿದೊಡನೆ ತಾನೇ ತಗ್ಗುವ ವ್ಯವಸ್ಥೆ, ಅಂದರೆ ಥರ್ಮೋಸ್ಟಾಟ್ ಅಥವಾ ಪಿಟಿಸಿ ಹೀಟರ್ ಇರಬೇಕು. ಪಿಟಿಸಿ ಎಂಬುದು ಬಿಸಿ ಏರಿದಂತೆ ತನ್ನ ರೋಧವನ್ನು ತಾನೇ ಹೆಚ್ಚಿಸಿಕೊಂಡು ವಿದ್ಯುತ್ತನ್ನು ತಗ್ಗಿಸುವ ವಸ್ತು. ಅದರಲ್ಲಿ ಕೆಡುವ ಸ್ವಿಚ್ಚೇ ಇರುವುದಿಲ್ಲವಾದ್ದರಿಂದ ನನಗೆ ಅದರ ಮೇಲೆ ಹೆಚ್ಚು ಭರವಸೆ. ಇವೆರಡರಲ್ಲಿ ಯಾವುದರ ಉಲ್ಲೇಖವೂ ಇಲ್ಲದ ಅಗ್ಗದ ಜೊತೆಯನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಡುವುದು ಮೇಲು. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿ ಓಡಿಸುವ ಜೊತೆಗಳೂ ಇವೆ. ಅವುಗಳ ತಂತಿಯನ್ನು ಬಾಗಿಲಿನ ಸಂದಿಯಿಂದ ಹಾಯಿಸಬೇಕಾಗುತ್ತದೆ, ಬಾಗಿಲು ಹಾಕಿದಾಗಲೆಲ್ಲ ತಂತಿಯ ಹೊದಿಕೆ ಜಜ್ಜಿಹೋಗುತ್ತದೆ.

ಗಾಜು ಬಿಸಿ ಮಾಡುವ ಸಾಧನಗಳಿಂದ ಬೆಂಕಿಯ ಭಯ ಸುಮ್ಮನೆ ಹುಟ್ಟಿದ್ದಲ್ಲ. 2010ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸುಮಾರು 15 ಲಕ್ಷ ವಾಹನಗಳನ್ನು ಮರಳಿ ಕರೆಸಿ, ವಾಷರ್ ದ್ರವವನ್ನು ಬಿಸಿ ಮಾಡುವ ಘಟಕವನ್ನು ಬೆಂಕಿಯ ಅಪಾಯದ ಕಾರಣ ತೆಗೆದುಹಾಕಿತು. ಅದಕ್ಕೂ ಮೊದಲು 2008ರಲ್ಲಿ ಇದೇ ಘಟಕಕ್ಕಾಗಿ ಒಮ್ಮೆ ಕರೆಸಿತ್ತು. ಕಾರ್ಖಾನೆಯಲ್ಲಿ ಜೋಡಿಸಿದ್ದಕ್ಕೇ ಆ ಗತಿ ಬಂದಿರುವಾಗ, ರಸ್ತೆ ಬದಿಯಲ್ಲಿ ಟೇಪು ಸುತ್ತಿ ಕೂಡಿಸಿದ ವೈರಿಂಗ್ ಬಗ್ಗೆ ಇನ್ನಷ್ಟು ಜಾಗ್ರತೆ ಬೇಕು.

ಜೋಡಣೆಯನ್ನು ಬಲ್ಲ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸುವುದು ಒಳ್ಳೆಯದು. ಬೆಳಗಾವಿಯ ಆಟೋನಗರದಲ್ಲಿ ಅಂಥವರು ಸಿಗುತ್ತಾರೆ. ಆದರೆ ಅವರು ಏನು ಮಾಡುತ್ತಿದ್ದಾರೆ ಎಂದು ಪಕ್ಕದಲ್ಲಿ ನಿಂತು ನೋಡಲು ನಾಚಿಕೊಳ್ಳಬಾರದು. ಬ್ಯಾಟರಿಯಿಂದ ಹೊರಟ ತಂತಿಗೆ ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸ್ ಬರಬೇಕು; ದೂರದಲ್ಲಿ ಹಾಕಿದರೆ ನಡುವಿನ ತಂತಿಗೆ ರಕ್ಷಣೆಯಿಲ್ಲ. 5 ಆಂಪಿಯರ್ ಎಳೆಯುವುದಕ್ಕೆ ಏಳೂವರೆಯ ಫ್ಯೂಸ್ ಸರಿ; “ಹದಿನೈದು ಹಾಕ್ರಿ, ಸುಡೂದಿಲ್ಲ” ಎಂದು ಯಾರಾದರೂ ಅಂದರೆ ಒಪ್ಪಬಾರದು, ಏಕೆಂದರೆ ಸುಡಬೇಕಾದಾಗ ಸುಡುವುದೇ ಫ್ಯೂಸಿನ ಕೆಲಸ. ನಾಲ್ಕು ಕಾಲಿನ ರಿಲೇಯಲ್ಲಿ, ಅಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಕಿ ತೆಗೆಯುವ ಸ್ವಿಚ್ಚಿನಲ್ಲಿ, 30 ಎಂದು ಬರೆದ ಕಾಲಿಗೆ ಫ್ಯೂಸಿನ ಮೂಲಕ ಬ್ಯಾಟರಿ, 87ಕ್ಕೆ ವೈಪರ್, 86ಕ್ಕೆ ಇಗ್ನಿಷನ್ನಿನಿಂದ ಸ್ವಿಚ್ಚಿನ ಮೂಲಕ ಬಂದ ತಂತಿ, 85ಕ್ಕೆ ಅರ್ಥ್ ಕೊಡುತ್ತಾರೆ. ವೈಪರ್ ಮೋಟಾರಿನ ಹಳೆಯ ವೈರಿಂಗನ್ನೇ ಕತ್ತರಿಸಿ ಅದರಿಂದ ವಿದ್ಯುತ್ ಕದಿಯುವುದು ಸುಲಭವೆನಿಸಿದರೂ ತಪ್ಪು. ಆ ತಂತಿಗೆ ಅಷ್ಟು ಹೆಚ್ಚುವರಿ ಹೊರೆಯ ಲೆಕ್ಕವಿರುವುದಿಲ್ಲ, ಕಾರಿನ ವಾರಂಟಿಗೂ ಅದರಿಂದ ತೊಂದರೆಯಾಗಬಹುದು. ವಿಮೆಯ ಪಾಲಿಸಿಯಲ್ಲಿ ವಿದ್ಯುತ್ ಪರಿಕರಗಳನ್ನು ಪ್ರತ್ಯೇಕವಾಗಿ ನಮೂದಿಸಲು ಅವಕಾಶವಿದೆ. ಹಾಕಿಸಿದ ಮೇಲೆ ವಿಮಾ ಕಂಪನಿಗೆ ತಿಳಿಸಿಬಿಡಬೇಕು.

ಇಡೀ ಜೋಡಣೆಯಲ್ಲಿ ಬೇಗ ಸೋಲುವ ಜಾಗ ತೋಳಿನ ಬುಡ. ವೈಪರ್ ನಿಮಿಷಕ್ಕೆ ಹತ್ತಾರು ಸಲ ಆಚೀಚೆ ತಿರುಗುವಾಗ ಅಲ್ಲಿ ತಂತಿ ಅಷ್ಟೇ ಸಲ ಮಡಚಿ ಬಿಚ್ಚುತ್ತದೆ. ಒಳಗೆ ಕೂದಲೆಳೆಯಂಥ ಅನೇಕ ಎಳೆಗಳಿರುವ, ಹೊರಗೆ ಸಿಲಿಕೋನ್ ಹೊದಿಕೆಯ ತಂತಿ ಇದನ್ನು ತಾಳಿಕೊಳ್ಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಹೊದಿಕೆಯದು ಚಳಿಗೆ ಕಡ್ಡಿಯಂತಾಗಿ ಒಂದೇ ಚಳಿಗಾಲದಲ್ಲಿ ತುಂಡಾಗುತ್ತದೆ. ಕೊಳ್ಳುವಾಗಲೇ ತಂತಿಯನ್ನು ಬೆರಳಿಗೆ ಸುತ್ತಿ ಬಿಟ್ಟು ನೋಡಿ: ಮೆತ್ತಗೆ ಬಿಚ್ಚಿಕೊಂಡರೆ ಸರಿ, ಸುತ್ತಿದ ಆಕಾರದಲ್ಲಿಯೇ ನಿಂತರೆ ಬೇಡ. ಜೋಡಿಸುವಾಗ ಬುಡದಲ್ಲಿ ಒಂದು ಸಣ್ಣ ಸಡಿಲ ಸುತ್ತು ಬಿಡಬೇಕು, ಸ್ವಿಚ್ ಹಾಕುವ ಮೊದಲು ತೋಳನ್ನು ಕೈಯಿಂದ ಎತ್ತಿ ಇಳಿಸಿ, ಬಳಿಕ ಗಾಜಿಗೆ ನೀರು ಚಿಮುಕಿಸಿ ವೈಪರನ್ನು ನಿಧಾನ ವೇಗದಲ್ಲಿ ಓಡಿಸಿ, ತಂತಿ ಎಲ್ಲಿಯೂ ಬಿಗಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಎಂಜಿನ್ ಕಡೆಯಿಂದ ಒಳಗೆ ಹಾಯುವ ರಂಧ್ರಕ್ಕೆ ರಬ್ಬರ್ ಬುಷ್ ಇಲ್ಲದಿದ್ದರೆ ತಗಡಿನ ಅಂಚು ಹೊದಿಕೆಯನ್ನು ಕೊಯ್ಯುತ್ತದೆ.

ಇನ್ನೊಂದು ಮಾತು. ರಬ್ಬರ್ ಮಾತ್ರ ಬದಲಿಸಲು ಬರುವಂಥ ಜೊತೆ ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳಬೇಕು. ಹೀಟರ್ ನಾಲ್ಕು ವರ್ಷ ಬಾಳಿದರೂ ರಬ್ಬರ್ ಅಷ್ಟು ಬಾಳುವುದಿಲ್ಲ.

ಹಿಮದ ಊರಿನಲ್ಲಿ

ನನ್ನ ಅಳಿಯ ಕೊನೆಗೆ ಹೀಟೆಡ್ ವೈಪರ್ ಇಲ್ಲದೆಯೇ ಹೋದ. ಅವನಿಗೆ ನಾನು ಹೇಳಿದ್ದು ಚಳಿಗಾಲದ ಸಾದಾ ಬ್ಲೇಡ್. ಹಳೆಯ ನಮೂನೆಯ, ಅನೇಕ ಕೀಲುಗಳಿರುವ ಲೋಹದ ಚೌಕಟ್ಟಿನ ಬ್ಲೇಡಿನಲ್ಲಿ ಕೀಲುಗಳ ಸಂದಿಗೆ ನೀರು ಸೇರಿ ಹೆಪ್ಪುಗಟ್ಟಿದರೆ ಬ್ಲೇಡ್ ಗಾಜಿನ ಬಾಗಿಗೆ ತಕ್ಕಂತೆ ಬಾಗುವುದಿಲ್ಲ. ನಡುವೆ ಒರೆಸದ ಪಟ್ಟೆ ಉಳಿಯುತ್ತದೆ. ಚಳಿಗಾಲದ ಬ್ಲೇಡಿನಲ್ಲಿ ಆ ಚೌಕಟ್ಟಿಗೆ ಪೂರ್ತಿ ರಬ್ಬರಿನ ಗವಸು ಹಾಕಿರುತ್ತಾರೆ. ಕೀಲೇ ಇಲ್ಲದ, ಒಂದೇ ಉಕ್ಕಿನ ಪಟ್ಟಿಯ ಚಪ್ಪಟೆ ಬ್ಲೇಡ್ ಕೂಡ ಈ ಕೆಲಸಕ್ಕೆ ಆಗುತ್ತದೆ. ಹೀಟೆಡ್ ಬ್ಲೇಡಿನ ಬೆಲೆಯ ಮುಂದೆ ಇವು ಅಗ್ಗ, ವೈರಿಂಗಿನ ರಗಳೆಯೂ ಇಲ್ಲ.

ಯಾವ ಬ್ಲೇಡೇ ಇರಲಿ, ನೀರು ಹೆಪ್ಪುಗಟ್ಟುವ ಊರಿನಲ್ಲಿ ರಾತ್ರಿ ಕಾರು ನಿಲ್ಲಿಸುವಾಗ ತೋಳುಗಳನ್ನು ಎತ್ತಿ ನಿಲ್ಲಿಸಬೇಕು, ಇಲ್ಲವೇ ಗಾಜಿನ ಮೇಲೆ ರಟ್ಟು ಹಾಸಿ ಅದರ ಮೇಲೆ ಬ್ಲೇಡ್ ಇಳಿಸಬೇಕು. ಬಾನೆಟ್ಟಿನ ಅಂಚಿನ ಕೆಳಗೆ ವೈಪರ್ ಅಡಗಿರುವ ಕಾರುಗಳಲ್ಲಿ ತೋಳನ್ನು ಬಲವಂತದಿಂದ ಎತ್ತಬಾರದು. ಅದಕ್ಕೆ ಬೇರೆ ಸರ್ವಿಸ್ ಸ್ಥಾನ, ಅಂದರೆ ತೋಳನ್ನು ಎತ್ತಲು ಬರುವಂತೆ ನಿಲ್ಲಿಸುವ ಜಾಗ, ಇರುತ್ತದೆ, ಕಾರಿನ ಕೈಪಿಡಿಯಲ್ಲಿ ಕ್ರಮ ಬರೆದಿರುತ್ತಾರೆ. ಮಳೆ ಬಂದರೆ ತಾನೇ ಓಡುವ ವೈಪರ್ ಇದ್ದರೆ ಎಂಜಿನ್ ಆರಿಸುವ ಮೊದಲೇ ಅದನ್ನು ಬಂದ್ ಮಾಡಬೇಕು. ಬೆಳಗ್ಗೆ ಕೀ ತಿರುಗಿಸಿದೊಡನೆ ಅಂಟಿಕೊಂಡ ಬ್ಲೇಡನ್ನು ಮೋಟಾರು ಎಳೆಯತೊಡಗಿದರೆ ರಬ್ಬರ್ ಹರಿಯುತ್ತದೆ, ಇಲ್ಲವೇ ಫ್ಯೂಸ್ ಹೋಗುತ್ತದೆ, ಅದೂ ಇಲ್ಲವೆಂದರೆ ಮೋಟಾರನ್ನೂ ತೋಳನ್ನೂ ಕೂಡಿಸುವ ಒಳಗಿನ ಲಿಂಕ್ ಕಳಚುತ್ತದೆ. ಹೀಟೆಡ್ ವೈಪರ್ ಇದ್ದವರು ಮೊದಲು ಎಂಜಿನ್ ಹಚ್ಚಿ, ಹೀಟರ್ ಸ್ವಿಚ್ ಒತ್ತಿ, ಅದು ಕಾಯುವಷ್ಟರಲ್ಲಿ ಗಾಜಿನ ಮೇಲಿನ ಹಿಮವನ್ನು ಬ್ರಷ್ಷಿನಿಂದ ತೆಗೆದು, ಉಳಿದ ಗಡ್ಡೆಯನ್ನು ಪ್ಲಾಸ್ಟಿಕ್ ಕೆರೆಗೋಲಿನಿಂದ ಕೆರೆದು, ಆಮೇಲೆ ವೈಪರ್ ಓಡಿಸಬೇಕು. ಕೆಟಲಿನ ಬಿಸಿನೀರು ಸುರಿಯುವ ಚಾಳಿ ಮಾತ್ರ ಬೇಡವೇ ಬೇಡ. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ ಮುಂಭಾಗದ ಗಾಜು ಇಂಥ ಹಠಾತ್ ಬಿಸಿಗೆ ಬಿರುಕು ಬಿಡುತ್ತದೆ.

ವಾಷರ್ ತೊಟ್ಟಿಯಲ್ಲಿ ಬೆಳಗಾವಿಯ ನಲ್ಲಿ ನೀರು ತುಂಬಿಕೊಂಡು ಅಷ್ಟು ದೂರ ಹೋಗುವವರು ಅನೇಕರು. ನೀರು ಮಂಜುಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ ತೊಟ್ಟಿಯೋ ಪಂಪೋ ಒಡೆಯುತ್ತದೆ. ಹೊರಡುವ ಮೊದಲು ತೊಟ್ಟಿ ಬರಿದು ಮಾಡಿ, ಅಲ್ಲಿನ ಚಳಿಗೆ ತಕ್ಕ ಅಂಕಿ ಬರೆದಿರುವ, ಆಲ್ಕೋಹಾಲ್ ಬೆರೆತ ವಾಷರ್ ದ್ರವ ತುಂಬಿ, ಪಂಪನ್ನು ಒಂದೆರಡು ಸಲ ಓಡಿಸಿ ಕೊಳವೆಯಲ್ಲಿರುವ ಹಳೆಯ ನೀರನ್ನೂ ಹೊರಹಾಕಬೇಕು. ರೇಡಿಯೇಟರ್ ಕೂಲಂಟನ್ನು ವಾಷರ್ ತೊಟ್ಟಿಗೆ ಸುರಿಯುವವರನ್ನೂ ಕಂಡಿದ್ದೇನೆ. ಅದು ಗಾಜಿನ ಮೇಲೆ ಜಿಡ್ಡಾಗಿ ಹರಡಿ ಎದುರಿನ ದೀಪಕ್ಕೆ ಕಣ್ಣು ಕಾಣದಂತೆ ಮಾಡುತ್ತದೆ, ಮೇಲಾಗಿ ಅದು ವಿಷ.

ನಮ್ಮ ಚಳಿಗಾಲಕ್ಕೆ ಬೇಕಾದದ್ದು

ಇನ್ನು ಊರಲ್ಲಿಯೇ ಇರುವವರ ವಿಷಯ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೋ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ನಸುಕಿನ ನಾಲ್ಕಕ್ಕೆ ಹೊರಟವರಿಗೆ ಗಾಜು ಮಸುಕಾಗುವುದು ಮೂರು ಬೇರೆ ಬೇರೆ ಕಾರಣಗಳಿಂದ, ಮೂರಕ್ಕೂ ಮದ್ದು ಬೇರೆ.

ಬೆರಳಿನಿಂದ ಒಳಗಡೆ ಗೆರೆ ಎಳೆದು ನೋಡಿ. ಗೆರೆ ಮೂಡಿದರೆ ಆವಿ ಕಟ್ಟಿರುವುದು ಒಳಗೆ, ಕುಳಿತವರ ಉಸಿರಿನದು. ಎ.ಸಿ.ಯನ್ನೂ ಬಿಸಿಗಾಳಿಯನ್ನೂ ಒಟ್ಟಿಗೆ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವ ಗುಂಡಿ ಒತ್ತಿದರೆ ಎರಡು ನಿಮಿಷದಲ್ಲಿ ತಿಳಿಯಾಗುತ್ತದೆ, ಎ.ಸಿ. ಗಾಳಿಯ ತೇವ ಹೀರುತ್ತದೆ, ಬಿಸಿ ಗಾಜನ್ನು ಬೆಚ್ಚಗಿಡುತ್ತದೆ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಇಳಿಯುವಾಗ ಇದರ ತಿರುಗುಮುರುಗು ಆಗುವುದುಂಟು: ಎ.ಸಿ. ತೀರ ತಣ್ಣಗಿಟ್ಟರೆ ಗಾಜು ತಣ್ಣಗಾಗಿ ಹೊರಗಿನ ತೇವ ಅದರ ಮೇಲೆ ಕೂಡುತ್ತದೆ. ಆಗ ಎ.ಸಿ.ಯ ತಣುಪು ಕಡಿಮೆ ಮಾಡಿ ಒಂದು ಸಲ ವೈಪರ್ ಆಡಿಸಿದರೆ ಸಾಕು.

ಎರಡನೆಯದು ಹೊರಗಿನ ಇಬ್ಬನಿ ಮತ್ತು ಧೂಳಿ ಕಲೆತು ಆದ ಕೆಸರು. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಸುತ್ತಮುತ್ತ ನಿಲ್ಲಿಸಿದ ಕಾರಿನ ಮೇಲೆ ಕರಿಯ ಬೂದಿ ಉದುರಿರುತ್ತದೆ. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗಳ ಕಡೆ ಬಿಳಿಯ ಪುಡಿ, ವಿಜಯಪುರದ ಕಡೆ ಎರೆಮಣ್ಣಿನ ಧೂಳಿ. ಇದರ ಮೇಲೆ ಒಣ ವೈಪರ್ ಓಡಿಸಿದರೆ ಮರಳುಕಾಗದ ಉಜ್ಜಿದಂತೆ ಗಾಜಿನಲ್ಲಿ ಬಿಲ್ಲಿನಾಕಾರದ ಗೀರು ಬೀಳುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ. ಮೊದಲು ಒಂದು ತಂಬಿಗೆ ನೀರು ಗಾಜಿನ ಮೇಲೆ ಹರಿಸಬೇಕು, ಆಮೇಲೆ ವೈಪರ್. ಕೊಳವೆ ಬಾವಿಯ ಗಡಸು ನೀರನ್ನು ವಾಷರ್ ತೊಟ್ಟಿಗೆ ಹಾಕಿದರೆ ರಂಧ್ರಗಳಲ್ಲಿ ಸುಣ್ಣ ಕಟ್ಟುತ್ತದೆ. ಫಿಲ್ಟರ್ ನೀರಿಗೆ ವಾಷರ್ ದ್ರವ ಬೆರೆಸಿ ತುಂಬುವುದು ಸರಿ.

ಮೂರನೆಯದು ಗಾಜಿನ ಮೇಲಿನ ಎಣ್ಣೆಯ ಪೊರೆ. ಮುಂದಿನ ಲಾರಿಗಳ ಡೀಸೆಲ್ ಹೊಗೆಯಿಂದ ಕೂತ ಈ ಪೊರೆ ಹಗಲಿನಲ್ಲಿ ಕಾಣುವುದಿಲ್ಲ. ರಾತ್ರಿ ಎದುರಿನಿಂದ ಕಬ್ಬಿನ ಟ್ರಾಕ್ಟರ್ ಬಂದಾಗ ಅದರ ದೀಪದ ಸುತ್ತ ಬೆಳಕು ಒಡೆದು ಹರಡುತ್ತದೆ. ಹೊಸ ವೈಪರ್ ಕೊಂಡು ಹಾಕಿದರೂ ಮಸುಕು ಹೋಗಲಿಲ್ಲವೆಂದು ನನ್ನ ಬಳಿ ಬಂದವರಿಗೆ ನಮ್ಮ ಓಣಿಯ ಮೆಕ್ಯಾನಿಕ್ ಒಬ್ಬ ಹೇಳುತ್ತಿದ್ದದ್ದು ಒಂದೇ ಮಾತು: “ರಬ್ಬರ್ ಬದಲಿ ಮಾಡೂದು ಆಮ್ಯಾಲೆ ರೀ, ಮದ್ಲ ಗ್ಲಾಸ್ ತೊಳೀರಿ.” ಶಾಂಪೂ ಹಾಕಿದ ನೀರಿನಿಂದ ಎರಡು ಸಲ ತೊಳೆದು, ನೀರು ಹನಿಹನಿಯಾಗಿ ಒಡೆಯದೆ ಹಾಳೆಯಂತೆ ಜಾರುತ್ತಿದೆಯೇ ಎಂದು ನೋಡಿದರೆ ಪೊರೆ ಹೋಗಿದೆಯೋ ಇಲ್ಲವೋ ತಿಳಿಯುತ್ತದೆ.

ಗಾಜು ತೊಳೆದ ಮೇಲೆಯೂ ದೋಷ ಉಳಿದರೆ ಬ್ಲೇಡನ್ನು ಪರೀಕ್ಷಿಸಬೇಕು. ಒಂದೇ ಜಾಗದಲ್ಲಿ ತೆಳುವಾದ ಗೆರೆ ಉಳಿಯುತ್ತಿದ್ದರೆ ರಬ್ಬರಿನ ಅಂಚಿನಲ್ಲಿ ಅಲ್ಲೊಂದು ಕಚ್ಚು ಬಿದ್ದಿದೆ ಅಥವಾ ಕಸ ಸಿಕ್ಕಿದೆ. ಬೆರಳಿನ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಹಾಯಿಸಿದರೆ ಕಚ್ಚಿನಲ್ಲಿ ಉಗುರು ತಡೆಯುತ್ತದೆ. ಹೋಗುವಾಗ ಚೆನ್ನಾಗಿ ಒರೆಸಿ ಬರುವಾಗ ಗಡಗಡನೆ ಜಿಗಿದರೆ ತೋಳು ತಿರುಚಿದೆ, ರಬ್ಬರ್ ಮಗ್ಗುಲು ಬದಲಿಸುತ್ತಿಲ್ಲ. ಹೊಸ ಬ್ಲೇಡಿನಿಂದ ಅದು ಸರಿಹೋಗುವುದಿಲ್ಲ. ಅಗಲವಾದ ಪಟ್ಟೆಯೇ ಒರೆಸದೆ ಉಳಿದರೆ ಸ್ಪ್ರಿಂಗ್ ಸಡಿಲವಾಗಿದೆ ಅಥವಾ ಬ್ಲೇಡಿನ ಬಾಗು ಗಾಜಿಗೆ ಹೊಂದುತ್ತಿಲ್ಲ.

ನಮ್ಮ ಕಡೆ ರಬ್ಬರನ್ನು ಕೊಲ್ಲುವುದು ಚಳಿಯಲ್ಲ, ಏಪ್ರಿಲ್-ಮೇ ತಿಂಗಳ ಬಿಸಿಲು. 40 ಡಿಗ್ರಿ ದಾಟುವ ವಿಜಯಪುರದಲ್ಲಿ ಬಯಲಿಗೆ ನಿಂತ ಕಾರಿನ ಸಾದಾ ರಬ್ಬರ್ ಒಂದೇ ಬೇಸಿಗೆಗೆ ಗಟ್ಟಿಯಾಗಿ ಸೀಳುತ್ತದೆ. ಸಿಲಿಕೋನ್ ಬ್ಲೇಡ್ ಬಿಸಿಲು, ಚಳಿ ಎರಡನ್ನೂ ಹೆಚ್ಚು ತಾಳುತ್ತದೆ. ಬೆಲೆ ಜಾಸ್ತಿ, ಹೊಸದರಲ್ಲಿ ಕೆಲವು ಗಾಜಿನ ಮೇಲೆ ಸ್ವಲ್ಪ ನಡುಗುತ್ತದೆ, ಆದರೆ ಹೀಟೆಡ್ ವೈಪರಿಗೆಂದು ಎತ್ತಿಟ್ಟ ಹಣ ಇದ್ದರೆ ಅದನ್ನು ಇಲ್ಲಿ ಖರ್ಚು ಮಾಡಿ ಎಂದು ನಾನು ಹೇಳುತ್ತೇನೆ. ಕೊಳ್ಳುವ ಕಾಲ ಮೇ ತಿಂಗಳ ಕೊನೆ. ಬಿಸಿಲು ಮುಗಿಯುವ ಮುಂಚೆ ಹಾಕಿಸಿದರೆ ಹೊಸ ರಬ್ಬರೂ ಸುಡುತ್ತದೆ. ಮಳೆ ಹಿಡಿದ ಮೇಲೆ ಹೋದರೆ ನಿಮ್ಮ ಅಳತೆಯದು ಅಂಗಡಿಯಲ್ಲಿ ಖಾಲಿಯಾಗಿರುತ್ತದೆ.

ಹಿಮದ ಊರಿನಿಂದ ಹೀಟೆಡ್ ವೈಪರ್ ಹಾಕಿಕೊಂಡೇ ಬೇಸಿಗೆ ರಜೆಗೆ ಬರುವವರು ಊರು ಮುಟ್ಟಿದ ದಿನವೇ ಅದರ ಫ್ಯೂಸ್ ತೆಗೆದು, ಬ್ಲೇಡುಗಳನ್ನು ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿ, ತಂತಿಯ ಕನೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಭದ್ರಪಡಿಸಿ, ಸಾದಾ ಬ್ಲೇಡ್ ಹಾಕಿಕೊಳ್ಳಬೇಕು. ಬಿಚ್ಚಿದ ಬ್ಲೇಡುಗಳನ್ನು ಅಟ್ಟದ ಮೇಲೆ ಇಡಬಾರದು, ಅಲ್ಲಿ ಕಾವು ಹೆಚ್ಚು. ರಬ್ಬರಿನ ಅಂಚು ಯಾವುದಕ್ಕೂ ಒತ್ತದಂತೆ, ಕಪಾಟಿನ ಹಿಂಬದಿಗೆ ಮೊಳೆ ಹೊಡೆದು ತೂಗುಹಾಕುವುದು ಒಳ್ಳೆಯದು.